78,000 ರೂಪಾಯಿ ಸಬ್ಸಿಡಿ ನಿಜಕ್ಕೂ ಬರುತ್ತಾ? ಬಳ್ಳಾರಿಯ ನಮ್ಮ ಮಾಳಿಗೆ ಸೋಲಾರ್‌ನ ಲೆಕ್ಕ

ಬರುತ್ತದೆ. ನಮ್ಮ ಯಜಮಾನರ ಖಾತೆಗೆ ಪೂರ್ತಿ 78,000 ಬಂದಿದೆ. ಯಾರಿಗೂ ಒಂದು ಕಪ್ ಚಹಾ ಕೂಡ ಕುಡಿಸಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಕನಕದುರ್ಗಮ್ಮನ ಗುಡಿಯಲ್ಲಿ, ತರಕಾರಿ ಗಾಡಿಯ ಹತ್ತಿರ, ಮದುವೆ ಊಟದ ಪಂಕ್ತಿಯಲ್ಲಿ, ಎಲ್ಲ ಕಡೆ ನನಗೆ ಇದೇ ಪ್ರಶ್ನೆ. ಆದರೆ ಅದರ ಹಿಂದೆಯೇ ಬರುವ ಪ್ರಶ್ನೆ ಇನ್ನೊಂದು: "ಹಂಗಾದ್ರೆ ನಾವೂ ಹಾಕಿಸಲೇನಕ್ಕಾ?" ಅದಕ್ಕೆ ಮಾತ್ರ ನನ್ನ ಉತ್ತರ ಎಲ್ಲರಿಗೂ ಒಂದೇ ಅಲ್ಲ. ಕೆಲವು ಮನೆಗೆ ಇದು ಒಳ್ಳೆಯ ಯೋಜನೆ. ಬಹಳಷ್ಟು ಮನೆಗೆ ಬೇಡವೇ ಬೇಡ. ಅದಕ್ಕೇ ಒಂದೇ ಸಲ ಬರೆದು ಇಟ್ಟುಬಿಡೋಣ ಅಂತ ಕೂತೆ.

ನಾನು ಕಪ್ಪಗಲ್ ರಸ್ತೆ ಕಡೆಯವಳು. ಸರ್ಕಾರಿ ಕಚೇರಿಯಲ್ಲಿ ಎಫ್‌ಡಿಎ ಆಗಿ ನಿವೃತ್ತಿ ಆದವಳು. ಕೆಲಸದಲ್ಲಿ ಇದ್ದಷ್ಟು ಕಾಲ ಟಪಾಲು, ಟಿಪ್ಪಣಿ, ಅಡಕ, ಇವುಗಳ ನಡುವೆಯೇ ಕಳೆದಿದ್ದೇನೆ. ಹಾಗಾಗಿ ಸರ್ಕಾರದ ಯಾವ ಯೋಜನೆ ಬಂದರೂ ನಾನು ಮೊದಲು ನೋಡುವುದು ಎಷ್ಟು ದುಡ್ಡು ಕೊಡುತ್ತಾರೆ ಅಂತ ಅಲ್ಲ. ಕಡತ ಎಲ್ಲಿ ನಿಲ್ಲುತ್ತದೆ ಅಂತ ನೋಡುತ್ತೇನೆ. ಈ ವಿಮರ್ಶೆಯನ್ನೂ ಹಾಗೆಯೇ ಓದಿಕೊಳ್ಳಿ.

ಮೊದಲು ಯೋಜನೆಯ ಬಗ್ಗೆ ಎರಡು ಮಾತು. ಹೆಸರು ಪಿಎಂ ಸೂರ್ಯ ಘರ್ ಮುಫ್ತ್ ಬಿಜಲಿ ಯೋಜನೆ. 2024ರ ಫೆಬ್ರವರಿಯಲ್ಲಿ ಶುರುವಾಯಿತು. ದೇಶದ ಒಂದು ಕೋಟಿ ಮನೆಗಳ ಮೇಲೆ ಸೋಲಾರ್ ಹಾಕಿಸುವ ಗುರಿ, 75,021 ಕೋಟಿ ರೂಪಾಯಿಯ ಲೆಕ್ಕ. ಮನೆಯವರಿಗೆ ಸಿಗುವುದು ಹೀಗೆ: ಒಂದು ಕಿಲೋವಾಟ್‌ಗೆ 30,000, ಎರಡಕ್ಕೆ 60,000, ಮೂರಕ್ಕೆ 78,000. ಮೂರರ ಮೇಲೆ ಎಷ್ಟು ಹಾಕಿಸಿದರೂ 78,000 ಅಷ್ಟೇ. ಹಾಗಾಗಿ ಐದು ಕಿಲೋವಾಟ್ ಹಾಕಿಸಿ, ಸಬ್ಸಿಡಿ ಜಾಸ್ತಿ ಬರುತ್ತದೆ ಅಂತ ಯಾರಾದರೂ ಹೇಳಿದರೆ ಅವರಿಗೆ ಒಂದು ನಮಸ್ಕಾರ ಹೇಳಿ ಬಾಗಿಲು ಹಾಕಿಕೊಳ್ಳಿ.

ಈಗ ಯಾರಿಗೆ ಬೇಡ ಅನ್ನುವುದು. ನಮ್ಮ ರಾಜ್ಯದಲ್ಲಿ ಗೃಹಜ್ಯೋತಿ ಇದೆಯಲ್ಲ, ಅಲ್ಲೇ ಲೆಕ್ಕ ಬೇರೆಯಾಗುವುದು. 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಬಳಸಿತ್ತೋ ಅದಕ್ಕೆ ಶೇಕಡ 10 ಸೇರಿಸಿ ಮಿತಿ ಹಾಕಿದ್ದಾರೆ. ಕಡಿಮೆ ಬಳಸುವ ಮನೆಗಳಿಗೆ ಆಮೇಲೆ ಶೇಕಡ ಲೆಕ್ಕ ಬಿಟ್ಟು 10 ಯೂನಿಟ್ ಜಾಸ್ತಿ ಕೊಟ್ಟರು. ಆ ಮಿತಿಯೊಳಗೆ ಇದ್ದರೆ ಬಿಲ್ ಸೊನ್ನೆ. ಮಿತಿ ದಾಟಿ 200ರ ಒಳಗೆ ಇದ್ದರೆ ದಾಟಿದ ಯೂನಿಟ್‌ಗೆ ಮಾತ್ರ ಹಣ. 200 ದಾಟಿತೋ, ಇಡೀ ಬಿಲ್ ಕಟ್ಟಬೇಕು.

ಇದರ ಅರ್ಥ ಏನು? ತಿಂಗಳಿಗೆ 120 ಯೂನಿಟ್ ಬಳಸಿ ಸೊನ್ನೆ ಬಿಲ್ ತೋರಿಸುವ ಮನೆಯವರು ಲಕ್ಷಗಟ್ಟಲೆ ಹಾಕಿ ಸೋಲಾರ್ ಪ್ಯಾನೆಲ್ ಕೂರಿಸಿದರೆ ಉಳಿಯುವುದು ಏನೂ ಇಲ್ಲ. ಸೊನ್ನೆಯಲ್ಲಿ ಏನು ಉಳಿಸುತ್ತೀರಿ? ಪಕ್ಕದ ಓಣಿಯ ಟೈಲರ್ ಹುಡುಗ, ಪಾಪ, ಯಾರೋ ಕೊಟ್ಟ ಪಾಂಪ್ಲೆಟ್ ಹಿಡಿದುಕೊಂಡು ಬಂದಿದ್ದ. ಗಂಡ, ಹೆಂಡತಿ, ಒಂದು ಮಗು. ಬಿಲ್ ನೋಡಿದೆ, ಸೊನ್ನೆ. "ಈ ದುಡ್ಡು ಬ್ಯಾಂಕಿನಾಗ ಇಡಪ್ಪಾ" ಅಂದೆ. ಅವನಿಗೆ ಸ್ವಲ್ಪ ಬೇಜಾರಾಯಿತು ಅನ್ನಿಸುತ್ತದೆ.

ಇಂಥ ಮನೆಗಳಿಗೆ ಮುಖ್ಯ ಕೆಲಸ 200ರ ಗೆರೆ ದಾಟದಂತೆ ನೋಡಿಕೊಳ್ಳುವುದು. ಅದಕ್ಕೆ ಪ್ಯಾನೆಲ್ ಬೇಕಾಗಿಲ್ಲ. ನಮ್ಮೂರಲ್ಲಿ ಯಾರೂ ಮನೆ ಬೆಚ್ಚಗೆ ಮಾಡುವುದಿಲ್ಲ. ಬೇಸಿಗೆಯಲ್ಲಿ ಆರ್‌ಸಿಸಿ ಮಾಳಿಗೆ ರಾತ್ರಿ ಹನ್ನೊಂದಾದರೂ ರೊಟ್ಟಿ ಹಂಚಿನ ಹಾಗೆ ಕಾದಿರುತ್ತದೆ. ಆದರೆ ನೀರು ಕಾಯಿಸುತ್ತೇವೆ, ಅಲ್ವಾ? 2,000 ವಾಟ್‌ನ ಗೀಸರ್ ಒಂದು ತಾಸು ಉರಿದರೆ ಎರಡು ಯೂನಿಟ್. ನಾಲ್ಕೈದು ಜನರ ಸ್ನಾನಕ್ಕೆ ತಿಂಗಳಿಗೆ 60 ಯೂನಿಟ್ ಸುಮ್ನೆ ಹೋಗುತ್ತದೆ. ಅಂದರೆ 200ರಲ್ಲಿ ಮೂರರಲ್ಲೊಂದು ಪಾಲಿನ ಹತ್ತಿರ. ಮಾಳಿಗೆಯ ಮೇಲೆ ಸೋಲಾರ್ ವಾಟರ್ ಹೀಟರ್ ಇಟ್ಟರೆ ಅಷ್ಟೂ ಉಳಿಯಿತು.

ಫ್ಯಾನ್ ಕೂಡ ಹಾಗೆಯೇ. ಹಳೆಯ ಫ್ಯಾನ್ 75 ವಾಟ್ ಎಳೆಯುತ್ತದೆ, ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆಯ ಮೋಟಾರಿನ ಬಿಎಲ್‌ಡಿಸಿ ಫ್ಯಾನ್ 28ರಿಂದ 35. ಬಳ್ಳಾರಿಯಲ್ಲಿ ಫ್ಯಾನ್ ದಿನಕ್ಕೆ ಹದಿನೈದು ತಾಸು ತಿರುಗುವುದು ಮಾಮೂಲು. ಒಂದು ಫ್ಯಾನ್ ಬದಲಿಸಿದರೆ ತಿಂಗಳಿಗೆ 18 ಯೂನಿಟ್‌ನಷ್ಟು ಉಳಿತಾಯ. 2023ರ ಜನವರಿಯಿಂದ ಸೀಲಿಂಗ್ ಫ್ಯಾನ್‌ಗಳಿಗೂ ಸ್ಟಾರ್ ಲೇಬಲ್ ಕಡ್ಡಾಯ. ಅಂಗಡಿಯಲ್ಲಿ ಅದನ್ನು ನೋಡಿ ತಗೊಳ್ಳಿ. ನಮ್ಮಲ್ಲಿ ಮೊದಲು ಬದಲಾಗಿದ್ದು ಹಾಲ್ ಮತ್ತು ಅತ್ತೆಯ ಕೋಣೆ ಫ್ಯಾನ್. ಅತ್ತೆಗೆ ರಿಮೋಟ್ ಸಿಕ್ಕಿದ್ದೇ ಸಂಭ್ರಮ.

ವಾಟರ್ ಹೀಟರ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಇದರಲ್ಲಿ ಮೋಸ ಜಾಸ್ತಿ. ಸೂರ್ಯ ಘರ್ ಸಬ್ಸಿಡಿ ನೀರು ಕಾಯಿಸುವ ಹೀಟರ್‌ಗೆ ಇಲ್ಲ, ಕರೆಂಟ್ ಮಾಡುವ ಪ್ಯಾನೆಲ್‌ಗೆ ಮಾತ್ರ. ಹೀಟರ್‌ಗೆ ಹಿಂದೆ ಕೇಂದ್ರದಿಂದ ಸಬ್ಸಿಡಿ ಇತ್ತು, 2014ರಲ್ಲಿ ನಿಂತುಹೋಯಿತು. ಈಗಲೂ "ಸಬ್ಸಿಡಿ ರೇಟು" ಅಂತ ಹೀಟರ್ ಮಾರುವವರು ಇದ್ದಾರೆ. ಅದು ಅಂಗಡಿಯವರ ರಿಯಾಯಿತಿ, ಸರ್ಕಾರದ್ದಲ್ಲ.

ಸರ್ಕಾರದ ಕಡೆಯಿಂದ ಇರುವುದು ಕರೆಂಟ್ ಬಿಲ್‌ನಲ್ಲಿ ಒಂದು ರಿಯಾಯಿತಿ. ಹೀಟರ್ ಹಾಕಿ ಬಳಸುವ ಮನೆಗೆ ಯೂನಿಟ್‌ಗೆ 50 ಪೈಸೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ. ನೂರು ಯೂನಿಟ್‌ಗೇ ಆ ಮಿತಿ ಮುಟ್ಟುತ್ತದೆ. ವರ್ಷಕ್ಕೆ 600 ರೂಪಾಯಿ. ದೊಡ್ಡ ದುಡ್ಡೇನಲ್ಲ, ಸರಿ. ಆದರೆ ಬಿಲ್ ಕಟ್ಟುವ ಮನೆಯವರು ಎಷ್ಟೋ ಜನ ಇದನ್ನು ಕೇಳಿಯೇ ಇಲ್ಲ. ನಗರಗಳಲ್ಲಿ ಹೊಸ ಮನೆಗೆ ಸೋಲಾರ್ ಹೀಟರ್ ಕಡ್ಡಾಯ ಅಂತ 2007ರಲ್ಲೇ ಸರ್ಕಾರಿ ಆದೇಶ ಆಗಿದೆ. ಹೊಸ ಮನೆಗೆ ಮೀಟರ್ ಸಿಗಲಿ ಅಂತ ಹೀಟರ್ ಹಾಕಿಸಿದವರು ರಿಯಾಯಿತಿ ಕೇಳುವುದನ್ನು ಮರೆತುಬಿಡುತ್ತಾರೆ. ನಿಮ್ಮ ಬಿಲ್ ತೆಗೆದು ನೋಡಿ. ಆ ಸಾಲು ಇಲ್ಲ ಅಂದರೆ ಹೀಟರ್ ಖರೀದಿ ರಸೀದಿಯ ಜೊತೆ ಉಪವಿಭಾಗದ ಕಚೇರಿಗೆ ಒಂದು ಅರ್ಜಿ ಬರೆದು ಕೊಡಿ. ಇನ್ವರ್ಡ್ ನಂಬರ್ ಹಾಕಿಸಿಕೊಂಡು ಬನ್ನಿ. ಇನ್ವರ್ಡ್ ನಂಬರ್ ಇಲ್ಲದ ಅರ್ಜಿ ಅರ್ಜಿಯೇ ಅಲ್ಲ, ಇದು ನನ್ನ ಸರ್ವಿಸಿನ ಮಾತು.

ನಮ್ಮ ಬೋರ್ ನೀರು ಗಡಸು. ಬಕೆಟ್ ಮೇಲೆ ಬಿಳಿ ಪೊರೆ ಕಟ್ಟುವ ಊರು ಇದು. ತಾಮ್ರದ ಸಣ್ಣ ಕೊಳವೆಯ ಫ್ಲಾಟ್ ಪ್ಲೇಟ್ ಹೀಟರ್ ಹಾಕಿದರೆ ಒಳಗೆ ಸುಣ್ಣ ಕಟ್ಟಿ ನೀರು ಹರಿಯುವುದೇ ನಿಲ್ಲುತ್ತದೆ. ಅದೇ ಬೇಕು ಅಂದರೆ ಹೀಟ್ ಎಕ್ಸ್‌ಚೇಂಜರ್ ಇರುವುದನ್ನು ಕೇಳಿ, ರೇಟು ಜಾಸ್ತಿ. ನಮ್ಮ ಮನೆಯಲ್ಲಿ ಇರುವುದು ಗಾಜಿನ ಟ್ಯೂಬಿನದು. ಟ್ಯೂಬ್ ಅಗಲ ಇರುವುದರಿಂದ ಪೊರೆ ಕಟ್ಟಿದರೂ ಬಿಚ್ಚಿ ತೊಳೆಯಬಹುದು. ಕೋತಿ ಕಾಟ ಇರುವ ಕಡೆ ಮಾತ್ರ ಗಾಜು ಉಳಿಯುವುದು ಕಷ್ಟ. ಇನ್ನೊಂದು ಮಾತು, ಏಪ್ರಿಲ್, ಮೇ ತಿಂಗಳಲ್ಲಿ ನಮಗೆ ಹೀಟರೇ ಬೇಡ. ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಸಿಂಟೆಕ್ಸ್ ನೀರಲ್ಲಿ ಕೈ ಇಡಲು ಆಗುವುದಿಲ್ಲ. ಹೀಟರ್ ಕೆಲಸ ಇರುವುದು ಕಾರ್ತಿಕದಿಂದ ಶಿವರಾತ್ರಿವರೆಗೆ. ಮತ್ತೆ ಮಂಡಿ ನೋವಿನ ಅತ್ತೆಗೆ ವರ್ಷಪೂರ್ತಿ.

ಇಷ್ಟೆಲ್ಲ ಇದ್ದೂ ನಮ್ಮ ಮನೆಗೆ ಪ್ಯಾನೆಲ್ ಏಕೆ ಬೇಕಾಯಿತು ಅಂದರೆ ಎಸಿ. ಕೆಳಗೆ ಒಂದು, ಮಗನ ಸಂಸಾರ ಇರುವ ಮೇಲಂತಸ್ತಿನಲ್ಲಿ ಒಂದು. ಚಳಿಗಾಲದಲ್ಲೂ 200 ದಾಟುತ್ತಿದ್ದೆವು. ಕನಕದುರ್ಗಮ್ಮನ ಸಿಡಿಬಂಡಿ ಜಾತ್ರೆ ಮುಗಿದು ಬಿಸಿಲು ಏರಿತೆಂದರೆ 450ರ ಮೇಲೆ. ಒಂದೂವರೆ ಟನ್ ಎಸಿ ರಾತ್ರಿ ಎಂಟು ತಾಸು ಓಡಿದರೆ ಏಳೆಂಟು ಯೂನಿಟ್ ತಿನ್ನುತ್ತದೆ. ಯೂನಿಟ್ ದರ ಆರು ರೂಪಾಯಿ ಆಸುಪಾಸು, ಮೇಲೆ ನಿಗದಿತ ಶುಲ್ಕ, ಅದರ ಮೇಲೆ ತೆರಿಗೆ. ಬೇಸಿಗೆ ಬಿಲ್ ಮೂರೂವರೆ ಸಾವಿರದ ಹತ್ತಿರ ಬರುತ್ತಿತ್ತು. ಗೃಹಜ್ಯೋತಿ ನಮಗೆ ಹೆಸರಿಗೆ ಮಾತ್ರ. ಇಂಥ ಮನೆಗೆ ಸೂರ್ಯ ಘರ್ ಹೇಳಿ ಮಾಡಿಸಿದ್ದು.

ಇನ್ನು ಕಡತ ಎಲ್ಲಿ ನಿಂತಿತು ಅನ್ನುವುದಕ್ಕೆ ಬರೋಣ.

ಅರ್ಜಿ ಹಾಕುವ ಯೋಜನೆಯ ಪೋರ್ಟಲ್‌ನಲ್ಲಿ ನಿಲ್ಲಲಿಲ್ಲ. ಅದಕ್ಕೆ ನಾನು ಒಳ್ಳೆಯ ಅಂಕ ಕೊಡುತ್ತೇನೆ. ರಾಜ್ಯ, ಜಿಲ್ಲೆ, ವಿದ್ಯುತ್ ಕಂಪನಿ (ನಮ್ಮ ಕಡೆಗೆ ಜೆಸ್ಕಾಂ) ಅಂತ ಆರಿಸಿ, ಬಿಲ್ ಮೇಲಿನ ಗ್ರಾಹಕ ಸಂಖ್ಯೆ ಹಾಕಿ, ಮೊಬೈಲ್‌ಗೆ ಬಂದ ಒಟಿಪಿ ಕೊಟ್ಟರೆ ಒಳಗೆ ಹೋಗುತ್ತೀರಿ. ಹತ್ತು ಕಿಲೋವಾಟ್‌ವರೆಗೆ ತಾಂತ್ರಿಕ ಪರಿಶೀಲನೆ ಅಂತ ಕಾಯಿಸುವುದಿಲ್ಲ, ಒಪ್ಪಿಗೆ ಆಯಿತು ಅಂತಲೇ ಲೆಕ್ಕ. ಅರ್ಜಿ ಯಾವ ಹಂತದಲ್ಲಿದೆ ಅಂತ ಪರದೆಯ ಮೇಲೆ ಕಾಣುತ್ತದೆ. "ಸಾಹೇಬ್ರು ಮೀಟಿಂಗ್‌ನಲ್ಲಿ ಇದ್ದಾರೆ, ಮುಂದಿನ ವಾರ ಬನ್ನಿ" ಅನ್ನುವವರು ಇಲ್ಲಿ ಯಾರೂ ಇಲ್ಲ. ಆ ಮಾತನ್ನು ನಾನೇ ಎಷ್ಟು ಜನಕ್ಕೆ ಹೇಳಿದ್ದೇನೋ!

ಕಡತ ನಿಂತಿದ್ದು ನಮ್ಮ ಮನೆಯಲ್ಲೇ. ಮೀಟರ್ ಇನ್ನೂ ಮಾವನವರ ಹೆಸರಲ್ಲಿ ಇತ್ತು. ಅವರು ತೀರಿಕೊಂಡು ಎಷ್ಟೋ ವರ್ಷ ಆಯಿತು. ಬಿಲ್ ಅವರ ಹೆಸರಿಗೇ ಬರುತ್ತಿತ್ತು, ನಾವು ಕಟ್ಟುತ್ತಿದ್ದೆವು, ಯಾರಿಗೂ ತೊಂದರೆ ಇರಲಿಲ್ಲ. ಆದರೆ ಸಬ್ಸಿಡಿ ಬರುವುದು ಬ್ಯಾಂಕ್ ಖಾತೆಗೆ. ಬಿಲ್‌ನಲ್ಲಿರುವ ಹೆಸರು, ಖಾತೆಯ ಹೆಸರು, ಆಧಾರ್ ಹೆಸರು ಎಲ್ಲ ಒಂದೇ ಇರಬೇಕು. ತೀರಿಹೋದವರ ಖಾತೆಗೆ ಹಣ ಹಾಕಲು ಆಗುತ್ತದಾ?

ಹಾಗಾಗಿ ಮೀಟರನ್ನು ಯಜಮಾನರ ಹೆಸರಿಗೆ ಮಾಡಿಸಬೇಕು. ಅದಕ್ಕೆ ಮರಣ ಪ್ರಮಾಣಪತ್ರ, ವಂಶವೃಕ್ಷ, ಮನೆಯ ಖಾತಾ, ಉಳಿದ ವಾರಸುದಾರರ ತಕರಾರಿಲ್ಲ ಪತ್ರ. ಕಾಗದ ಹೊಂದಿಸುವುದು ನನಗೆ ಆಟ. ಆದರೆ ಮೈದುನನ ಸಹಿ ಆಟ ಅಲ್ಲ. ಅವರು ಹೊಸಪೇಟೆಯಲ್ಲಿ ಇದ್ದಾರೆ. ಫೋನ್ ಮಾಡಿದರೆ, "ಅತ್ತಿಗೆ, ಮೀಟರ್ ಅಣ್ಣನ ಹೆಸರಿಗೆ ಆದ್ರೆ ನಾಳೆ ಮನೆನೂ ಅಣ್ಣಂದೇ ಅಂತೀರಾ?" ಅಂದರು. ನಗುತ್ತಲೇ ಅಂದರು. ಆದರೆ ಹಿಂದೆ ಅವರ ಹೆಂಡತಿಯ ದನಿ ಕೇಳುತ್ತಿತ್ತು, ಆ ದನಿಯಲ್ಲಿ ನಗು ಇರಲಿಲ್ಲ.

ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ. ಆಸ್ತಿ ಪಾಲಾಗದ ಯಾವ ಮನೆಯಲ್ಲೂ ಈ ಪ್ರಶ್ನೆ ಬರುತ್ತದೆ. ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ. ವಿದ್ಯುತ್ ಮೀಟರ್ ಯಾರ ಹೆಸರಲ್ಲಿ ಇದೆ ಅನ್ನುವುದು ಆಸ್ತಿಯ ಹಕ್ಕಿಗೆ ಸಾಕ್ಷಿ ಅಲ್ಲ. ಹಕ್ಕು ಇರುವುದು ನೋಂದಣಿಯಾದ ಪತ್ರದಲ್ಲಿ, ವಾರಸುದಾರಿಕೆಯಲ್ಲಿ. ನಾನು ತಕರಾರಿಲ್ಲ ಪತ್ರದ ಕರಡು ನಾನೇ ಬರೆದೆ. "ಈ ಒಪ್ಪಿಗೆ ವಿದ್ಯುತ್ ಸಂಪರ್ಕದ ಹೆಸರು ಬದಲಾವಣೆಗೆ ಮಾತ್ರ, ಸ್ವತ್ತಿನಲ್ಲಿ ನನಗಿರುವ ಪಾಲಿಗೆ ಇದರಿಂದ ಬಾಧೆ ಇಲ್ಲ" ಅಂತ ಒಂದು ವಾಕ್ಯ ಸೇರಿಸಿದೆ. ಆ ವಾಕ್ಯ ಓದಿದ ಮೇಲೆ ಮೈದುನ ಸಹಿ ಹಾಕಿದರು. ಅವರ ಹೆಂಡತಿ ಊಟಕ್ಕೂ ಹಾಕಿದರು. ಈ ವಾಕ್ಯವನ್ನು ನೀವೂ ಬಳಸಿಕೊಳ್ಳಿ, ನಿಮ್ಮ ವಕೀಲರಿಗೆ ಒಮ್ಮೆ ತೋರಿಸಿ.

ಎರಡನೆಯ ಕಡೆ ನಿಂತಿದ್ದು ಬ್ಯಾಂಕಿನಲ್ಲಿ, ಯಾವ ಬ್ಯಾಂಕು ಅಂತ ಬೇಡ. ಆಧಾರ್‌ನಲ್ಲಿ ಯಜಮಾನರ ಇನಿಷಿಯಲ್ ಹೆಸರಿನ ಹಿಂದೆ, ಪಾಸ್‌ಬುಕ್‌ನಲ್ಲಿ ಮುಂದೆ. ಸರಿಪಡಿಸಿ ಅಂದರೆ ಕೌಂಟರಿನಿಂದ ಕೌಂಟರಿಗೆ ಕಳಿಸಿದರು. ಅರ್ಜಿ ಹಾಕುವ ಮೊದಲೇ ಮೂರೂ ಕಾಗದ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಿ. ಇದು ಅರ್ಧ ತಾಸಿನ ಕೆಲಸ, ವಾರಗಟ್ಟಲೆ ಓಡಾಟ ತಪ್ಪುತ್ತದೆ.

ವೆಂಡರ್ ವಿಷಯಕ್ಕೆ ಬಂದರೆ, ಪೋರ್ಟಲ್‌ನಲ್ಲಿ ನೋಂದಾಯಿತ ವೆಂಡರ್‌ಗಳ ಪಟ್ಟಿ ಇರುತ್ತದೆ. ಅದರೊಳಗಿಂದಲೇ ಆರಿಸಬೇಕು, ಇಲ್ಲದಿದ್ದರೆ ಸಬ್ಸಿಡಿ ಇಲ್ಲ. ಮೊದಲು ಬಂದ ಏಜೆನ್ಸಿಯ ಹುಡುಗ ಬಹಳ ಚುರುಕು. ಕೂತ ಕಡೆಯೇ "ಆಧಾರ್ ಕೊಡಿ ಮೇಡಂ, ಎಲ್ಲಾ ನಾವೇ ಮಾಡ್ತೀವಿ, ನಮ್ಮ ನಂಬರ್‌ನಿಂದಾನೇ ರಿಜಿಸ್ಟರ್ ಮಾಡ್ತೀವಿ" ಅಂದ. ನಾನು ಆಧಾರ್ ಕೊಡಲಿಲ್ಲ. ಅರ್ಜಿ ಅವರ ಮೊಬೈಲ್ ನಂಬರಿನಲ್ಲಿ ಇದ್ದರೆ ಒಟಿಪಿ ಅವರಿಗೆ, ಮಾಹಿತಿ ಅವರಿಗೆ, ನಮ್ಮ ಅರ್ಜಿ ಎಲ್ಲಿದೆ ಅಂತ ನಮಗೇ ಗೊತ್ತಾಗುವುದಿಲ್ಲ. ನಾಳೆ ವೆಂಡರ್ ಬದಲಿಸಬೇಕು ಅಂದರೂ ಅವರ ಕೈ ಕಾಯಬೇಕು. ಆಮೇಲೆ ಅವನು ಎರಡು ರೇಟು ಹೇಳಿದ. ಕಡಿಮೆ ರೇಟಿನ ಪ್ಯಾನೆಲ್ ಯಾವುದು ಅಂತ ಕೆದಕಿದರೆ ಅದು ಡಿಸಿಆರ್ ಅಲ್ಲ. ಸಬ್ಸಿಡಿ ಬೇಕಾದರೆ ಪ್ಯಾನೆಲ್ ಮಾತ್ರವಲ್ಲ, ಅದರೊಳಗಿನ ಸೆಲ್ ಕೂಡ ಭಾರತದಲ್ಲೇ ತಯಾರಾಗಿರಬೇಕು. ಅದಕ್ಕೆ ಡಿಸಿಆರ್ ಅನ್ನುತ್ತಾರೆ. ಹೊರಗಿನ ಸೆಲ್‌ನ ಪ್ಯಾನೆಲ್ ಅಗ್ಗ, ಆದರೆ 78,000 ಮರೆತುಬಿಡಿ.

ಎರಡನೆಯ ವೆಂಡರ್ ಮಾತು ಕಡಿಮೆ, ಕಾಗದ ಜಾಸ್ತಿ. ಅಂಥವರು ನನಗೆ ಇಷ್ಟ. ಕೊಟೇಶನ್‌ನಲ್ಲಿ ಪ್ಯಾನೆಲ್ ಕಂಪನಿ, ವಾಟ್, ಇನ್ವರ್ಟರ್ ಮಾದರಿ, ಕೇಬಲ್ ಅಳತೆ, ಅರ್ಥಿಂಗ್ ಎಲ್ಲ ಬೇರೆ ಬೇರೆ ಬರೆದಿದ್ದರು. ಐದು ವರ್ಷ ನಿರ್ವಹಣೆ ವೆಂಡರ್ ಜವಾಬ್ದಾರಿ ಅಂತ ಯೋಜನೆಯಲ್ಲೇ ಇದೆ, ಅದನ್ನೂ ಒಪ್ಪಂದದಲ್ಲಿ ಹಾಕಿದರು. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಮಾನಿನ ಜಿಎಸ್‌ಟಿ ಶೇಕಡ 12ರಿಂದ 5ಕ್ಕೆ ಇಳಿದಿದೆ. ನಮ್ಮ ಕೆಲಸ ಆದದ್ದು ಅದರ ನಂತರ, ದಸರಾ ಮುಗಿದ ಮೇಲೆ. ಈಗಲೂ ಹಳೆಯ ದರದಲ್ಲಿ ಕೊಟೇಶನ್ ಕೊಡುವವರು ಸಿಗಬಹುದು. ತೆರಿಗೆಯ ಸಾಲು ಓದದೆ ಮುಂಗಡ ಕೊಡಬೇಡಿ.

ನಮಗೆ ಬಿದ್ದ ಖರ್ಚು ಮೂರು ಕಿಲೋವಾಟ್‌ಗೆ ಎರಡು ಲಕ್ಷ. ಅದರಲ್ಲಿ ಎತ್ತರದ ಕಬ್ಬಿಣದ ಸ್ಟ್ಯಾಂಡ್‌ನ ದುಡ್ಡೂ ಸೇರಿದೆ. ಮಾಮೂಲು ಸ್ಟ್ಯಾಂಡ್ ನೆಲಕ್ಕೆ ಹತ್ತಿರ. ಮೂರು ಕಿಲೋವಾಟ್ ಅಂದರೆ 300 ಚದರಡಿ ಜಾಗ ಹೋಗುತ್ತದೆ. ಅಷ್ಟು ಮಾಳಿಗೆ ಬಿಟ್ಟುಕೊಟ್ಟರೆ ಮೆಣಸಿನಕಾಯಿ ಎಲ್ಲಿ ಒಣಹಾಕುವುದು, ಹಪ್ಪಳ, ಸಂಡಿಗೆ ಎಲ್ಲಿ ಇಡುವುದು? ಅದಕ್ಕೆ ಆಳೆತ್ತರಕ್ಕೆ ಏರಿಸಿದೆವು. ಸಬ್ಸಿಡಿ ಕಿಲೋವಾಟ್ ಲೆಕ್ಕದಲ್ಲಿ ಮಾತ್ರ, ಎತ್ತರಕ್ಕೆ ಹೆಚ್ಚಿಗೆ ಕೊಡುವುದಿಲ್ಲ. ಆದರೂ ಈ ಖರ್ಚಿಗೆ ನನಗೆ ಬೇಸರ ಇಲ್ಲ. ಪ್ಯಾನೆಲ್ ಕೆಳಗಿನ ನೆರಳಿನಿಂದ ಅದರ ಕೆಳಗಿನ ಕೋಣೆ ಬೇಸಿಗೆಯಲ್ಲಿ ಕಾಯುವುದು ಕಡಿಮೆಯಾಯಿತು. ನಮ್ಮ ಹಳೆಯ ಮಣ್ಣಿನ ಮಾಳಿಗೆ ಮನೆಗಳು ತಂಪಾಗಿರುತ್ತಿದ್ದವು. ಆರ್‌ಸಿಸಿ ಬಂದ ಮೇಲೆ ಆ ಸುಖ ಹೋಗಿತ್ತು, ಸ್ವಲ್ಪ ವಾಪಸ್ ಬಂತು. ಸ್ಲ್ಯಾಬ್‌ಗೆ ನೇರವಾಗಿ ತೂತು ಕೊರೆಯಲು ಬಿಡಬೇಡಿ, ಮಳೆಗಾಲಕ್ಕೆ ಸೋರುತ್ತದೆ. ಸಿಮೆಂಟಿನ ಗಟ್ಟಿ ಕಟ್ಟೆ ಕಟ್ಟಿಸಿ ಅದರಲ್ಲಿ ಬೋಲ್ಟ್ ಕೂರಿಸಿ. ಮುಂಗಾರಿಗೆ ಮೊದಲು ಬೀಸುವ ನಮ್ಮೂರ ಬಿರುಗಾಳಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ಯಾನೆಲ್ ಕೂರಿಸಿದ ಮೇಲೆ ವೆಂಡರ್ ವಿವರ ತುಂಬುತ್ತಾರೆ, ಮನೆ ಒಡೆಯರು ಪ್ಯಾನೆಲ್ ಪಕ್ಕ ನಿಂತ ಫೋಟೋ ಬೇಕು. ಯಜಮಾನರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಏಣಿ ಹತ್ತಿದರು. ಆಮೇಲೆ ಹಳೆಯ ಮೀಟರ್ ತೆಗೆದು ಎರಡೂ ಕಡೆಯ ಯೂನಿಟ್ ಎಣಿಸುವ ಹೊಸ ಮೀಟರ್ ಬಂತು. ಪರಿಶೀಲನೆ ಮುಗಿದು ಸೋಲಾರ್ ಚಾಲೂ ಆಯಿತು ಅನ್ನುವ ಕಮಿಷನಿಂಗ್ ವರದಿ ಪೋರ್ಟಲ್‌ನಲ್ಲಿ ಕಂಡ ಮೇಲೆ ಬ್ಯಾಂಕ್ ವಿವರ, ಕ್ಯಾನ್ಸಲ್ ಮಾಡಿದ ಚೆಕ್ ಹಾಕಿದೆವು. ಮೂವತ್ತು ದಿನದೊಳಗೆ ಹಣ ಅಂತ ಹೇಳುತ್ತಾರೆ, ಅದರೊಳಗೇ ಬಂತು.

ಆದರೆ ಗಮನಿಸಿ, ಎರಡು ಲಕ್ಷ ಮೊದಲು ನಮ್ಮ ಕೈಯಿಂದಲೇ ಹೋಗಿತ್ತು. ನಿವೃತ್ತಿಯಾದಾಗ ಬಂದ ಗ್ರಾಚ್ಯುಟಿ ದುಡ್ಡಿನಲ್ಲಿ ಉಳಿದಿದ್ದನ್ನು ತೆಗೆದೆ. ಮಗಳು ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಇದ್ದಾಳೆ. ಅಲ್ಲಿ ಮನೆ ಬೆಚ್ಚಗಿಡುವುದೇ ದೊಡ್ಡ ಖರ್ಚು. ಗ್ಯಾಸ್ ಬಾಯ್ಲರ್ ತೆಗೆದು ಹೀಟ್ ಪಂಪ್ (ಕರೆಂಟಿನಿಂದ ಮನೆ ಬೆಚ್ಚಗಿಡುವ ಯಂತ್ರ) ಹಾಕಿಸಿದರೆ ಸರ್ಕಾರ 7,500 ಪೌಂಡ್ ಕೊಡುತ್ತದೆ, ನಮ್ಮ ಸುಮಾರು ಒಂಬತ್ತು ಲಕ್ಷ. ಅಲ್ಲಿ ಅರ್ಜಿ ಹಾಕುವುದು ಕೆಲಸ ಮಾಡುವ ಕಂಪನಿಯೇ. ಅಷ್ಟು ಹಣ ಕಳೆದೇ ಮನೆಯವರಿಗೆ ಬಿಲ್ ಕೊಡುತ್ತಾರಂತೆ. ಅವಳು ಇದನ್ನು ಹೇಳಿದಾಗ ನನಗೆ ಹೊಟ್ಟೆ ಉರಿದಿದ್ದು ಒಂಬತ್ತು ಲಕ್ಷಕ್ಕಲ್ಲ, ಕಳೆದು ಕೊಡುವ ಪದ್ಧತಿಗೆ. ಇಲ್ಲಿ ಪೂರ್ತಿ ದುಡ್ಡು ಇದ್ದವರಿಗೆ ಮಾತ್ರ ಸಬ್ಸಿಡಿ ಸುಲಭ. ಇಲ್ಲದವರಿಗೆ ಸರ್ಕಾರಿ ಬ್ಯಾಂಕುಗಳಲ್ಲಿ ಸಾಲ ಇದೆ. ಮೂರು ಕಿಲೋವಾಟ್‌ವರೆಗೆ ಎರಡು ಲಕ್ಷ, ಯಾವ ಅಡಮಾನವೂ ಬೇಡ, ಶೇಕಡ 10 ನಮ್ಮ ಕೈಯಿಂದ. ಬಡ್ಡಿ ರಿಸರ್ವ್ ಬ್ಯಾಂಕಿನ ರೆಪೊ ದರಕ್ಕೆ ಅರ್ಧ ಶೇಕಡ ಸೇರಿಸಿದಷ್ಟು. ಮನೆ ಸಾಲಕ್ಕಿಂತ ಅಗ್ಗ.

ಈಗ ಫಲಿತಾಂಶ. ಒಳ್ಳೆಯ ಬಿಸಿಲಿನ ದಿನ 12 ಯೂನಿಟ್ ಆಸುಪಾಸು ಬರುತ್ತದೆ. ಮೋಡದ ದಿನ ಅರ್ಧಕ್ಕೆ ಇಳಿಯುತ್ತದೆ. ಬೇಸಿಗೆಯಲ್ಲಿ ಎರಡೂ ಎಸಿ ಓಡಿಸಿ ನೂರರ ಸುತ್ತ ಯೂನಿಟ್‌ಗೆ ಬಿಲ್ ಬಂತು. ಚಳಿಗಾಲದಲ್ಲಿ ನಾವು ಹೊರಗೆ ಕೊಟ್ಟಿದ್ದೇ ಜಾಸ್ತಿ. ಹೊರಗೆ ಕೊಟ್ಟ ಹೆಚ್ಚಿನ ಯೂನಿಟ್‌ಗೆ ಸಿಗುವ ದರ ನಾವು ಕೊಡುವ ದರಕ್ಕಿಂತ ಕಡಿಮೆ. ಹಾಗಾಗಿ ಇದನ್ನು ವ್ಯಾಪಾರ ಅಂತ ನೋಡಬೇಡಿ. ಬಿಲ್ ಸೊನ್ನೆ ಕೂಡ ಆಗುವುದಿಲ್ಲ, ನಿಗದಿತ ಶುಲ್ಕ ಇದ್ದೇ ಇರುತ್ತದೆ. ಸರಾಸರಿ ತಿಂಗಳಿಗೆ ಎರಡು ಸಾವಿರ ಉಳಿತಾಯ ಅಂತ ಹಿಡಿದರೆ, ಸಬ್ಸಿಡಿ ಕಳೆದು ಹಾಕಿದ 1,22,000 ಐದು ವರ್ಷದ ಸುಮಾರಿಗೆ ವಾಪಸ್.

ಎರಡು ವಿಷಯ ವೆಂಡರ್‌ಗಳು ಬಾಯಿಬಿಟ್ಟು ಹೇಳುವುದಿಲ್ಲ. ಒಂದು, ಕರೆಂಟ್ ಹೋದರೆ ನಿಮ್ಮ ಸೋಲಾರೂ ನಿಲ್ಲುತ್ತದೆ. ಹೊಸಪೇಟೆ ದಾರಿಯಲ್ಲಿ ಕುಡತಿನಿಯ 1,700 ಮೆಗಾವಾಟ್ ಸ್ಥಾವರ ಹೊಗೆ ಬಿಡುತ್ತಿರುತ್ತದೆ, ತಲೆಯ ಮೇಲೆ ಸುಡುವ ಬಿಸಿಲಿರುತ್ತದೆ, ಆದರೂ ಲೈನ್ ಹೋದರೆ ನಮ್ಮ ಮನೆಯ ಫ್ಯಾನ್ ತಿರುಗುವುದಿಲ್ಲ. ಲೈನ್ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ನಮ್ಮ ಮನೆಯಿಂದ ಹೋದ ಕರೆಂಟ್ ಹೊಡೆಯಬಾರದು ಅಂತ ಇನ್ವರ್ಟರ್ ತಾನೇ ಆಫ್ ಆಗುತ್ತದೆ. ಸರಿಯಾದ ನಿಯಮವೇ. ಬ್ಯಾಟರಿ ಬೇಕಾದರೆ ಬೇರೆ ಮಾದರಿ, ಬೇರೆ ದುಡ್ಡು.

ಇನ್ನೊಂದು, ಧೂಳು. ಇದು ಅದಿರಿನ ಊರು. ಮಳೆ ಇಲ್ಲದ ತಿಂಗಳಲ್ಲಿ ಪ್ಯಾನೆಲ್ ಮೇಲೆ ಕೆಂಪು ಪದರ ಕೂರುತ್ತದೆ, ಬೆರಳಲ್ಲಿ ಹೆಸರು ಬರೆಯಬಹುದು. ಮೊಬೈಲ್‌ನಲ್ಲಿ ಯೂನಿಟ್ ನೋಡುತ್ತಿದ್ದರೆ ತೊಳೆದ ಮರುದಿನದ ವ್ಯತ್ಯಾಸ ಎದ್ದು ಕಾಣುತ್ತದೆ. ಬೆಳಿಗ್ಗೆ ಬಿಸಿಲು ಏರುವ ಮೊದಲು ತೊಳೆಯಿರಿ, ಕಾದ ಗಾಜಿಗೆ ತಣ್ಣೀರು ಬೇಡ. ಬೋರ್ ನೀರು ಹಾಕಿದರೆ ಬಿಳಿ ಕಲೆ ಉಳಿಯುತ್ತದೆ, ಹೊಳೆ ನೀರು ಬಂದ ದಿನ ಇಟ್ಟುಕೊಳ್ಳಿ. ಆಳೆತ್ತರದ ಸ್ಟ್ಯಾಂಡ್ ಹಾಕಿಸಿದರೆ ಮೇಲಕ್ಕೆ ಮುಟ್ಟುವ ಉದ್ದ ಕೋಲಿನ ಬ್ರಷ್ ಬೇಕು. ಮತ್ತೆ, ಬಳ್ಳಾರಿ ಬಿಸಿಲಿಗೆ ಮೇ ತಿಂಗಳಲ್ಲಿ ಕರೆಂಟ್ ಸುರಿಯುತ್ತದೆ ಅಂತ ಅಂದುಕೊಳ್ಳಬೇಡಿ. ಪ್ಯಾನೆಲ್ ಕಾದಷ್ಟೂ ಅದರ ಶಕ್ತಿ ಕುಗ್ಗುತ್ತದೆ, ಪ್ರತಿ ಡಿಗ್ರಿಗೆ ಶೇಕಡ 0.3ರಿಂದ 0.4ರಷ್ಟು. ನಮ್ಮಲ್ಲಿ ಚೆನ್ನಾಗಿ ಬಂದಿದ್ದು ಫೆಬ್ರವರಿ, ಮಾರ್ಚ್‌ನಲ್ಲಿ.

ಅಂಕ ಕೊಡಿ ಅಂದರೆ ಯೋಜನೆಗೆ ಐದಕ್ಕೆ ನಾಲ್ಕು. ಒಂದು ಕಳೆದಿದ್ದು ಮೊದಲು ಪೂರ್ತಿ ಕಟ್ಟಿಸಿಕೊಳ್ಳುವುದಕ್ಕೆ. ವಾಟರ್ ಹೀಟರ್‌ನ 50 ರೂಪಾಯಿ ರಿಯಾಯಿತಿಗೆ ಎರಡು. ಇಷ್ಟು ವರ್ಷ ಆದರೂ ಅದೇ 50 ಇಟ್ಟುಕೊಂಡಿದ್ದಾರೆ. ನಮ್ಮ ಎರಡನೆಯ ವೆಂಡರ್‌ಗೆ ನಾಲ್ಕೂವರೆ, ತೊಳೆಯಲು ಕರೆದಾಗ ಒಮ್ಮೆ ತಡ ಮಾಡಿದರು.

ಯೋಜನೆಯ ಅವಧಿ 2026-27ರ ಹಣಕಾಸು ವರ್ಷದವರೆಗೆ. ಬಳಕೆ 200 ಯೂನಿಟ್ ದಾಟುವ ಮನೆ, ಮೀಟರ್ ಇನ್ನೂ ತಾತನ ಹೆಸರಲ್ಲಿ ಇದೆ ಅಂದರೆ ವೆಂಡರ್‌ಗೆ ಫೋನ್ ಮಾಡುವ ಮೊದಲು ನಾಡಕಚೇರಿಗೆ ಹೋಗಿ ವಂಶವೃಕ್ಷಕ್ಕೆ ಅರ್ಜಿ ಕೊಡಿ. ಅಣ್ಣತಮ್ಮಂದಿರು ಒಂದೇ ಕಡೆ ಸೇರುವ ಹಬ್ಬ ಯಾವುದು ಅಂತ ಈಗಲೇ ಕ್ಯಾಲೆಂಡರ್ ನೋಡಿಕೊಂಡು ಛಾಪಾ ಕಾಗದ ತಂದಿಟ್ಟಿರಿ.